ಕಥೆಯಿಲ್ಲದ ಹತ್ತು ನಿಮಿಷ: ಪ್ರೀತಿ, ಅಧ್ಯಾತ್ಮದ ಕಾವ್ಯಮಯ ಕಿರುಚಿತ್ರ ಮಾಡುವ ಬಗೆ

"ಕಥೆ ಬೇಡ, ಕವಿತೆ ಥರ ಇರಬೇಕು. ಪ್ರೀತಿಯೂ ಇರಬೇಕು, ದೈವವೂ ಇರಬೇಕು. ಎಲ್ಲಿಂದ ಶುರು ಮಾಡೋದು?" ಮೈಸೂರು, ಮಂಡ್ಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂಬುದು ಅದರ ಬೆನ್ನಿಗೇ ಬರುತ್ತದೆ. ಇಂಥ ಚಿತ್ರಗಳು ಕೆಡುವುದು ಕ್ಯಾಮೆರಾದಿಂದಲ್ಲ. ಮೇಲುಕೋಟೆ ಕಲ್ಯಾಣಿ, ಕುಕ್ಕರಹಳ್ಳಿ ಕೆರೆಯ ಸಂಜೆ, ಹಾರುವ ದುಪಟ್ಟಾ, ಹಣತೆ, ಹಿನ್ನೆಲೆಗೆ ಕೊಳಲು. ಒಂದೊಂದು ಶಾಟೂ ಚೆನ್ನಾಗಿರುತ್ತದೆ, ಆದರೂ ಮೂರನೇ ನಿಮಿಷಕ್ಕೆ ನೋಡುವವರ ಕೈ ಮೊಬೈಲಿಗೆ ಹೋಗುತ್ತದೆ. ಕಥೆಯನ್ನು ತೆಗೆದವರು ಆ ಜಾಗದಲ್ಲಿ ಬೇರೇನನ್ನೂ ಇಟ್ಟಿರುವುದಿಲ್ಲ.

ಕಥೆಯಿರುವ ಚಿತ್ರದಲ್ಲಿ ಜನರನ್ನು ಕೂರಿಸುವುದು "ಮುಂದೇನು" ಎಂಬ ಕುತೂಹಲ. ಅದಿಲ್ಲದಾಗ ಕೂರಿಸುವುದು "ಇದನ್ನು ಆಗಲೇ ನೋಡಿದ್ದೆ, ಈಗ ಯಾಕೋ ಬೇರೆ ಥರ ಕಾಣ್ತಿದೆ" ಎಂಬ ಅನುಭವ. ಭಾವಗೀತೆಯ ಪಲ್ಲವಿ ಹಾಗೇ ಅಲ್ಲವೇ? ಸಾಲು ಅದೇ, ಆದರೆ ಎರಡನೇ ಚರಣ ಮುಗಿಸಿ ಬಂದಾಗ ಅದರ ತೂಕವೇ ಬೇರೆ. ಕೆಳಗಿನ ಹಂತಗಳೆಲ್ಲ ಆ ಮರಳುವಿಕೆಯನ್ನು ಕಟ್ಟುವುದಕ್ಕಾಗಿ.

ಬೇಕಾಗುವುದು ಬಹಳವಿಲ್ಲ. ಕೈಯಿಂದಲೇ ಸೆಟ್ಟಿಂಗ್ ಬದಲಾಯಿಸಬಹುದಾದ ಫೋನ್ ಅಥವಾ ಸಾಧಾರಣ ಕ್ಯಾಮೆರಾ, ಒಂದು ಟ್ರೈಪಾಡ್, ಬೆಳಕನ್ನು ತಗ್ಗಿಸುವ ಕಪ್ಪು ಗಾಜಾದ ಎನ್‌ಡಿ ಫಿಲ್ಟರ್, ಪ್ರತ್ಯೇಕ ಸೌಂಡ್ ರೆಕಾರ್ಡರ್, ಅದರ ಮೈಕಿಗೆ ಗಾಳಿ ತಡೆಯುವ ತುಪ್ಪಳದ ಕವಚ. 128 ಜಿಬಿಯ ಒಂದು ಕಾರ್ಡ್ ಸಾಕು. ಹತ್ತು ನಿಮಿಷದ ಚಿತ್ರಕ್ಕೆ ಎಂಟು ಪಟ್ಟು, ಅಂದರೆ ಎಂಬತ್ತು ನಿಮಿಷ ಚಿತ್ರೀಕರಿಸುತ್ತೀರಿ ಅಂದುಕೊಂಡರೂ, ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದ 4ಕೆ ವಿಡಿಯೊ ಸುಮಾರು 60 ಜಿಬಿ ಆಗುತ್ತದೆ. ಇಬ್ಬರು ಸಹಾಯಕರು, ಇಬ್ಬರು ನಟರು. ಇದಕ್ಕಿಂತ ದೊಡ್ಡ ತಂಡ ಕಟ್ಟಿಕೊಂಡರೆ ಬೆಳಗಿನ ಬೆಳಕು ಕಾಫಿ ತಿಂಡಿಗೇ ಹೋಗುತ್ತದೆ.

1. ಘಟನೆ ಬಿಡಿ, ಸಂಬಂಧ ಹಿಡಿಯಿರಿ

ಒಂದೇ ವಾಕ್ಯ ಬರೆಯಿರಿ. ಅದರಲ್ಲಿ ಇಬ್ಬರು ಇರಬೇಕು ಮತ್ತು ದಿನವೂ ನಡೆಯುವ ಒಂದು ಕ್ರಿಯೆ ಇರಬೇಕು. ಸಾವು, ಕಾಯಿಲೆ, ಅಗಲಿಕೆ, ಪತ್ರ ಸಿಗುವುದು, ರೈಲು ಹೊರಡುವುದು ಇವೆಲ್ಲ ಕಥೆಯನ್ನು ಹಿಂಬಾಗಿಲಿನಿಂದ ಒಳಗೆ ತರುತ್ತವೆ. ಒಮ್ಮೆ ಬಂದರೆ ನೋಡುಗರು "ಮುಂದೇನು" ಎಂದು ಕೇಳಲು ಶುರು ಮಾಡುತ್ತಾರೆ, ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ಈ ಲೇಖನದ ಉದ್ದಕ್ಕೂ ಬಳಸುವ ಉದಾಹರಣೆ ಇದು: ಮಂಡ್ಯದ ಹತ್ತಿರದ ಒಂದು ಮನೆ. ಗಂಡ ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮಾಡುತ್ತಾನೆ. ಹೆಂಡತಿ ಬೆಳಗ್ಗೆ ಹೂವು ಮಾರಲು ಹೊರಡುತ್ತಾಳೆ. ಅವಳು ಬಾಗಿಲು ಸಾರಿಸಿ ರಂಗೋಲಿ ಬಿಡುವ ಹೊತ್ತಿಗೆ ಅವನು ಮನೆಗೆ ಬರುತ್ತಾನೆ. ಇಷ್ಟೇ.

ಐತಿಹ್ಯವನ್ನು ತೆಗೆದುಕೊಳ್ಳುವ ಆಸೆ ಬಹಳ ಜನರಿಗೆ ಇರುತ್ತದೆ. ಮೇಲುಕೋಟೆಯ ಬೀಬಿ ನಾಚ್ಚಿಯಾರ್ ಅದರಲ್ಲಿ ಮೊದಲನೆಯದು. ರಾಮಾನುಜರು ದೆಹಲಿಯಿಂದ ಉತ್ಸವಮೂರ್ತಿಯನ್ನು ಮರಳಿ ತಂದಾಗ, ಅದನ್ನು ಪ್ರಾಣದಂತೆ ಪ್ರೀತಿಸಿದ್ದ ಸುಲ್ತಾನನ ಮಗಳು ಹಿಂದೆಯೇ ಬಂದಳು ಎನ್ನುತ್ತದೆ ಐತಿಹ್ಯ. ಪ್ರೀತಿ, ಭಕ್ತಿ ಬೇರೆಯಾಗದ ಜಾಗ ಅದು. ಆದರೆ ಕಥೆಯಾಗಿ ಹೇಳಲು ಹೊರಟರೆ ಅರಮನೆ, ಉಡುಪು, ಸೈನಿಕರು ಎಲ್ಲ ಬೇಕು. ಅದರೊಳಗಿನ ಒಂದು ಕ್ರಿಯೆ ಮಾತ್ರ ತೆಗೆಯಿರಿ: ಒಬ್ಬಳು ಹಿಂದೆ ಹಿಂದೆ ನಡೆದು ಬರುವುದು. ಇಂದಿನ ಬಟ್ಟೆಯಲ್ಲಿ, ಇಂದಿನ ರಸ್ತೆಯಲ್ಲಿ, ಮುಂದೆ ಯಾರಿದ್ದಾರೆಂದು ತೋರಿಸದೆ. ಹತ್ತು ನಿಮಿಷಕ್ಕೆ ಅದು ಸಾಕು.

2. ಮರಳಿ ಬರುವ ವಸ್ತುಗಳನ್ನು ಗೊತ್ತುಮಾಡಿ

ಮೂರು ಅಥವಾ ನಾಲ್ಕು. ಐದಾದರೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಒಂದು ದೇಹದ ಕ್ರಿಯೆ, ಒಂದು ಮುಟ್ಟಬಹುದಾದ ವಸ್ತು, ಒಂದು ಶಬ್ದ ಇರಲೇಬೇಕು. ನಮ್ಮ ಉದಾಹರಣೆಯಲ್ಲಿ ಕ್ರಿಯೆ, ಅವನು ರಂಗೋಲಿ ತುಳಿಯದಂತೆ ಕಾಲೆತ್ತಿ ಹೊಸ್ತಿಲು ದಾಟುವುದು. ವಸ್ತು, ನೀರಿನ ಚೊಂಬು. ಶಬ್ದ, ಬಾಗಿಲಿನ ಚಿಲಕ.

ಪ್ರತಿಯೊಂದನ್ನೂ ಮೂರು ಸಲ ತೋರಿಸಿ, ಪ್ರತಿ ಸಲವೂ ಒಂದೇ ಒಂದು ಅಂಶ ಬದಲಾಯಿಸಿ. ಮೊದಲ ನಿಮಿಷದಲ್ಲಿ ಅವನು ಬರುತ್ತಾನೆ, ಚಪ್ಪಲಿ ಬಿಡುತ್ತಾನೆ, ರಂಗೋಲಿ ನೋಡಿ ಎಡಗಾಲನ್ನು ಸ್ವಲ್ಪ ಹೆಚ್ಚೇ ಎತ್ತಿ ಒಳಗಿಡುತ್ತಾನೆ. ನಾಲ್ಕು, ಐದನೇ ನಿಮಿಷದ ಹೊತ್ತಿಗೆ ಅದೇ ಹೊಸ್ತಿಲು, ಅದೇ ಕೋನ. ಅವಳಿಗೆ ತಡವಾಗಿದೆ, ಚುಕ್ಕಿ ಇಟ್ಟಿದ್ದಾಳೆ, ಗೆರೆ ಎಳೆದಿಲ್ಲ. ಅವನು ಚುಕ್ಕಿಗಳ ನಡುವೆ ಬೆರಳೂರಿ ದಾಟುತ್ತಾನೆ. ಒಂಬತ್ತನೇ ನಿಮಿಷದಲ್ಲಿ ನೆಲ ಬರೀ ಒದ್ದೆ, ರಂಗೋಲಿಯೇ ಇಲ್ಲ. ಆದರೂ ಅವನು ಕಾಲೆತ್ತುತ್ತಾನೆ.

ಆ ಮೂರನೆಯ ಕಾಲೆತ್ತುವಿಕೆ ಪ್ರೀತಿಯೋ ಪೂಜೆಯೋ ಎಂದು ನೋಡುಗರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಮೊದಲೆರಡು ಸಲ ಕ್ಯಾಮೆರಾ ಬೇರೆ ಬೇರೆ ಜಾಗದಲ್ಲಿದ್ದರೆ ಮೂರನೆಯದು ಕೆಲಸ ಮಾಡುವುದಿಲ್ಲ. ಟ್ರೈಪಾಡ್‌ನ ಮೂರು ಕಾಲು ಊರಿದ ಕಡೆ ಸುಣ್ಣದ ಗುರುತು ಹಾಕಿ, ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ವೈವಿಧ್ಯ ಬೇಕೆಂದು ಪ್ರತಿ ಸಲ ಹೊಸ ಕೋನ ಹುಡುಕುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು.

3. ಪ್ರೀತಿಗೊಂದು ಭಾಷೆ, ದೇವರಿಗೊಂದು ಭಾಷೆ ಬೇಡ

ಪ್ರೀತಿ ಎಂದರೆ ಅಪ್ಪುಗೆ, ಅಧ್ಯಾತ್ಮ ಎಂದರೆ ಗೋಪುರ, ಗಂಟೆ, ಕರ್ಪೂರ. ಹೀಗೆ ಎರಡು ಕಪಾಟು ಮಾಡಿಕೊಂಡ ಕೂಡಲೇ ಚಿತ್ರ ಎರಡು ಹೋಳಾಗುತ್ತದೆ. ಪರೀಕ್ಷೆ ಸುಲಭ: ನಿಮ್ಮ ಶಾಟ್ ಪಟ್ಟಿಯಲ್ಲಿ "ಇದು ಪ್ರೀತಿಗೆ", "ಇದು ಭಕ್ತಿಗೆ" ಎಂದು ಗುರುತು ಹಾಕಲು ಆಗುವಂಥ ಶಾಟ್‌ಗಳನ್ನು ಹೊಡೆದುಹಾಕಿ. ಎರಡೂ ಗುರುತು ಒಟ್ಟಿಗೇ ಬೀಳುವಂಥವು ಉಳಿಯಲಿ. ಅಕ್ಕಮಹಾದೇವಿಯ ವಚನ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ. ಚೆನ್ನಮಲ್ಲಿಕಾರ್ಜುನ ಅಲ್ಲಿ ಗಂಡನೂ ಹೌದು, ದೇವರೂ ಹೌದು.

ಸಿನಿಮಾದಲ್ಲಿ ಇದನ್ನು ಹೇಗೆ ಮಾಡಬಹುದೆಂದು ನೋಡಬೇಕಾದರೆ ಜಿ. ಅರವಿಂದನ್ ಅವರ 1977ರ ಮಲಯಾಳಂ ಚಿತ್ರ 'ಕಾಂಚನ ಸೀತಾ' ನೋಡಿ. ಅದರಲ್ಲಿ ಸೀತೆಯ ಪಾತ್ರ ಮಾಡಿದ ನಟಿಯೇ ಇಲ್ಲ. ಗಾಳಿ, ಎಲೆ, ನೀರಿನ ಅಲುಗಾಟದಲ್ಲೇ ಅವಳಿದ್ದಾಳೆ. ರಾಮನ ವಿರಹಕ್ಕೂ ಪ್ರಕೃತಿಯ ಸನ್ನಿಧಿಗೂ ಒಂದೇ ಶಾಟ್ ಸಾಕಾಗುತ್ತದೆ. ಟೆರೆನ್ಸ್ ಮ್ಯಾಲಿಕ್ ಅವರ 2012ರ 'ಟು ದ ವಂಡರ್' ಚಿತ್ರದಲ್ಲಿ ಒಂದು ಜೋಡಿಯ ಪ್ರೀತಿ ಬತ್ತುವುದನ್ನೂ ಒಬ್ಬ ಪಾದ್ರಿಗೆ ದೇವರು ದೂರವಾಗುವುದನ್ನೂ ಒಂದೇ ಥರದ ಬೆಳಕಿನಲ್ಲಿ, ಒಂದೇ ಥರ ಅಲೆಯುವ ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ಕಲಿಯಬೇಕಾದದ್ದು ಆ ಒಂದೇತನವನ್ನು. ಗೋಧಿ ಬಣ್ಣದ ಹುಲ್ಲಿನಲ್ಲಿ ಕೈಯಾಡಿಸಿ ಓಡುವುದನ್ನು ನಕಲು ಮಾಡಿದರೆ ಮಂಡ್ಯದ ಗದ್ದೆ ಜಾಹೀರಾತಿನ ಹಾಗೆ ಕಾಣುತ್ತದೆ.

4. ಜಾಗ, ಬೆಳಕು, ಅನುಮತಿ

ಇಂಟರ್ನೆಟ್ಟಿನಲ್ಲಿ ಹೇಳುವ "ಗೋಲ್ಡನ್ ಅವರ್" ನಮ್ಮಲ್ಲಿ ಪೂರ್ತಿ ಒಂದು ಗಂಟೆ ಸಿಗುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚು ನೇರವಾಗಿ ಮೇಲೇರುತ್ತಾನೆ, ಹಾಗಾಗಿ ಹಳದಿ ಮೆದು ಬೆಳಕು ಅರ್ಧದಿಂದ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಜನವರಿ ಕೊನೆಯಲ್ಲಿ ಸೂರ್ಯೋದಯ ಆರೂ ಮುಕ್ಕಾಲರ ಆಸುಪಾಸು, ಜೂನ್ ಮೊದಲಲ್ಲಿ ಆರು ಗಂಟೆಗೂ ಸ್ವಲ್ಪ ಮುಂಚೆ. ಉದಯಕ್ಕೆ ಮುಕ್ಕಾಲು ಗಂಟೆ ಮುಂಚೆ ಟ್ರೈಪಾಡ್ ಊರಿರಬೇಕು. ಬೆಳಗಿಗೆ ಆರು ಶಾಟ್‌ಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಬಾಗಿಲು ಪೂರ್ವಕ್ಕಿದೆಯೇ ಎಂದು ಮನೆ ಒಪ್ಪಿಕೊಳ್ಳುವ ಮೊದಲೇ ನೋಡಿ. ಪಶ್ಚಿಮದ ಬಾಗಿಲಾದರೆ ನಮ್ಮ ಉದಾಹರಣೆಯ ಹೊಸ್ತಿಲು ಬೆಳಗ್ಗೆ ನೆರಳಲ್ಲೇ ಇರುತ್ತದೆ.

ಏಪ್ರಿಲ್ ಕೊನೆಯ ವಾರದ ಸುಮಾರಿಗೆ ಮತ್ತು ಆಗಸ್ಟ್ ಮೂರನೇ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಹೊರಗೆ ನಿಂತವರ ಕಣ್ಣು ಕಪ್ಪು ಗುಳಿಯಾಗಿ ಕಾಣುತ್ತದೆ. ಆ ಹೊತ್ತಿಗೆ ತೊಟ್ಟಿ ಮನೆಯೊಂದನ್ನು ಹುಡುಕಿಕೊಳ್ಳಿ. ತೊಟ್ಟಿಯ ನೆಲಕ್ಕೆ ಬಿದ್ದ ಬಿಸಿಲು ಚದುರಿ ಪಡಸಾಲೆಯ ಮುಖಗಳ ಮೇಲೆ ಮೆತ್ತಗೆ ಬೀಳುತ್ತದೆ. ಬಾಡಿಗೆಯ ಯಾವ ಲೈಟೂ ಅದನ್ನು ಕೊಡುವುದಿಲ್ಲ.

ನಾಲೆ ಬೇಕಾದರೆ ಮೊದಲು ನೀರುಗಂಟಿಯನ್ನು ಮಾತಾಡಿಸಿ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ ನೀರು ಬಿಡುವ ಕಾಲ ಇರುತ್ತದೆ. ಈ ವಾರ ತುಂಬಿದ್ದದ್ದು ಮುಂದಿನ ವಾರ ಕೆಸರಾಗಿದ್ದರೆ ನಿಮ್ಮ ಮೂರನೇ ಮರಳುವಿಕೆ ಹೋಯಿತು. ನಾಲೆಯ ಏರಿಯ ಅಂಚಿಗೆ ಯಾರನ್ನೂ ಇಳಿಸಬೇಡಿ. ಒಳಗೋಡೆ ಜಾರುತ್ತದೆ, ಸೆಳೆತ ಮೇಲಿನಿಂದ ಕಾಣುವುದಕ್ಕಿಂತ ಹೆಚ್ಚು, ಬಿದ್ದವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕಾಲುಗಳ ಶಾಟ್ ಬೇಕಿದ್ದರೆ ಗದ್ದೆಯ ಚಿಕ್ಕ ಕಾಲುವೆಯಲ್ಲಿ ತೆಗೆಯಿರಿ.

ಶ್ರೀರಂಗಪಟ್ಟಣದಂಥ ಕಡೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕಗಳಿವೆ. ಅಲ್ಲಿ ಟ್ರೈಪಾಡ್ ಇಟ್ಟು ಚಿತ್ರೀಕರಿಸಲು ಮುಂಚೆ ಅನುಮತಿ ಪಡೆಯಬೇಕು. ದೇವಸ್ಥಾನದ ಆಡಳಿತದ ಒಪ್ಪಿಗೆ ಬೇರೆಯೇ. ರಂಗನತಿಟ್ಟು ಮತ್ತು ಮೇಲುಕೋಟೆಯ ವನ್ಯಧಾಮದ ಕಾಡಿಗೆ ಅರಣ್ಯ ಇಲಾಖೆಯನ್ನು ಕೇಳಿ. ಡ್ರೋನ್ ಆಸೆ ಬಿಟ್ಟುಬಿಡಿ. ಅನುಮತಿಯ ತೊಡಕು ಒಂದು ಕಡೆ ಇರಲಿ, ಮೇಲಿನಿಂದ ನೋಡುವ ಕಣ್ಣು ಯಾರದು ಎಂಬ ಪ್ರಶ್ನೆಗೆ ಇಂಥ ಚಿತ್ರದಲ್ಲಿ ಉತ್ತರವಿಲ್ಲ.

ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬಂದವರನ್ನು ದೂರದಿಂದ ಜೂಮ್ ಮಾಡಿ ತೆಗೆಯಬೇಡಿ. ಅವರ ದುಃಖ ನಿಮ್ಮ ಚಿತ್ರದ ಅಧ್ಯಾತ್ಮ ಅಲ್ಲ.

5. ಕ್ಯಾಮೆರಾ

ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 1/50. ನಮ್ಮ ವಿದ್ಯುತ್ 50 ಹರ್ಟ್ಜ್ ಆದ್ದರಿಂದ ಈ ಲೆಕ್ಕದಲ್ಲಿ ಟ್ಯೂಬ್‌ಲೈಟ್ ಮಿಣುಕುವುದಿಲ್ಲ, 1/60 ಇಟ್ಟರೆ ಗೋಡೆಯ ಮೇಲೆ ಪಟ್ಟಿ ಓಡುತ್ತದೆ. ಹೊರಗೆ 1/50ಕ್ಕೆ ಬೆಳಕು ಹೆಚ್ಚಾಗುವುದರಿಂದಲೇ ಎನ್‌ಡಿ ಫಿಲ್ಟರ್ ಬೇಕು. ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಬಣ್ಣದ ಹೊಂದಿಕೆ) ಮೂರನ್ನೂ ಲಾಕ್ ಮಾಡಿ. ಹೊರಗಿನ ಬೆಳಕಿಗೆ ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್ ಸಾಕು. ಲಾಕ್ ಮಾಡದಿದ್ದರೆ ಬಿಳಿ ಪಂಚೆಯವರು ಫ್ರೇಮಿಗೆ ಬಂದ ಕೂಡಲೇ ಇಡೀ ಚಿತ್ರ ಮಂಕಾಗುತ್ತದೆ. ಒಂದೇ ಲೆನ್ಸ್ ಬಳಸಿ, ಫುಲ್ ಫ್ರೇಮ್ ಕ್ಯಾಮೆರಾದ 35 ಮಿ.ಮೀ. ಲೆನ್ಸಿನಷ್ಟೇ ಅಗಲ ಕಾಣುವಂಥದ್ದು. ಫೋನುಗಳು ಫ್ರೇಮ್ ದರವನ್ನು ತಾವೇ ಏರಿಳಿಸುತ್ತವೆ, ಆಮೇಲೆ ಧ್ವನಿ ಹೊಂದುವುದಿಲ್ಲ. ಸ್ಥಿರ ದರ ಕೊಡುವ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ.

ಪ್ರತಿ ಶಾಟನ್ನೂ ಕನಿಷ್ಠ ನಲವತ್ತು ಸೆಕೆಂಡ್ ಓಡಿಸಿ, ಬಳಸುವುದು ಹತ್ತೇ ಆದರೂ. ಕ್ರಿಯೆ ಮುಗಿದ ಮೇಲಿನ ಹತ್ತು ಸೆಕೆಂಡಿನಲ್ಲೇ ಎಷ್ಟೋ ಸಲ ಒಳ್ಳೆಯದು ಸಿಗುತ್ತದೆ. ಸ್ಲೋ ಮೋಷನ್ ಬೇಡ. ಎತ್ತಿದ ಕಾಲಿನ ಭಾರ ಅದರಲ್ಲಿ ಮಾಯವಾಗುತ್ತದೆ.

ಉದ್ದನೆಯ ಶಾಟ್ ತೆಗೆಯುವ ಮನಸ್ಸಿದ್ದರೆ ಒಂದು ನಿಯಮ ನೆನಪಿಡಿ: ಒಳಗೊಂದು ಕೆಲಸ ಇರಬೇಕು, ಅದು ಕೆಡುವ ಸಾಧ್ಯತೆಯೂ ಇರಬೇಕು. ಆಂದ್ರೇ ತಾರ್ಕೋವ್‌ಸ್ಕಿಯವರ 'ನಾಸ್ಟಾಲ್ಜಿಯಾ' (1983) ಚಿತ್ರದಲ್ಲಿ ಒಬ್ಬ ಮನುಷ್ಯ ಹೊತ್ತಿಸಿದ ಮೇಣದಬತ್ತಿ ಹಿಡಿದು ನೀರು ಬಸಿದ ಕೊಳವನ್ನು ದಾಟುತ್ತಾನೆ. ಸುಮಾರು ಒಂಬತ್ತು ನಿಮಿಷ, ಒಂದೇ ಶಾಟ್. ಎರಡು ಸಲ ಬತ್ತಿ ಆರುತ್ತದೆ, ಎರಡು ಸಲವೂ ಹಿಂದಕ್ಕೆ ಹೋಗಿ ಮೊದಲಿನಿಂದ ನಡೆಯುತ್ತಾನೆ. ಕಥೆ ಏನೂ ತಿಳಿಯದವರೂ ಉಸಿರು ಹಿಡಿದು ನೋಡುತ್ತಾರೆ. ಸುಮ್ಮನೆ ಕೆರೆ ನೋಡುತ್ತಾ ಕುಳಿತ ಹುಡುಗನ ಒಂದು ನಿಮಿಷದ ಶಾಟ್ ಅದಕ್ಕಿಂತ ಉದ್ದ ಅನ್ನಿಸುತ್ತದೆ.

6. ನಟರಿಗೆ ಭಾವ ಹೇಳಬೇಡಿ, ಕೆಲಸ ಹೇಳಿ

"ಭಕ್ತಿಯಿಂದ ನೋಡಿ" ಎಂದರೆ ಕಣ್ಣು ಮೇಲಕ್ಕೆ ಹೋಗುತ್ತದೆ, "ಪ್ರೀತಿಯಿಂದ" ಎಂದರೆ ನಗು ಬರುತ್ತದೆ. ಬದಲಿಗೆ "ಪುಡಿ ಕಾಲಿಗೆ ತಾಗಬಾರದು" ಎನ್ನಿ, ಸಾಕು. ರಂಗೋಲಿಯನ್ನು ದಿನಾ ಬಿಡುವ ಕೈಯೇ ಬಿಡಲಿ. ಎಳೆಯ ಸರಾಗ ಒಂದು ದಿನದ ಅಭ್ಯಾಸಕ್ಕೆ ಬರುವುದಿಲ್ಲ, ಹತ್ತಿರದ ಶಾಟಿನಲ್ಲಿ ಅದು ತಕ್ಷಣ ಗೊತ್ತಾಗುತ್ತದೆ.

7. ಧ್ವನಿ

ಕಥೆಯಿಲ್ಲದ ಚಿತ್ರದ ಅರ್ಧ ಭಾರ ಇದರ ಮೇಲೆ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಜಾಗದ ಸದ್ದನ್ನಷ್ಟೇ ಹಿಡಿಯಿರಿ. ಇದಕ್ಕೆ ರೂಮ್ ಟೋನ್ ಎನ್ನುತ್ತಾರೆ. ಇಲ್ಲದಿದ್ದರೆ ಪ್ರತಿ ಕಟ್‌ಗೂ ಹಿನ್ನೆಲೆ ಹಾರುತ್ತದೆ. ರೆಕಾರ್ಡರ್‌ನ ಸೆಟ್ಟಿಂಗ್ 48 ಕಿಲೋಹರ್ಟ್ಜ್, 24 ಬಿಟ್ ಇರಲಿ. ಚಿಲಕ, ಚೊಂಬು, ಪೊರಕೆ ಇವನ್ನು ಚಿತ್ರೀಕರಣ ಮುಗಿದ ಮೇಲೆ ಒಂದು ಗೇಣು ದೂರದಿಂದ ಮತ್ತೆ ಬೇರೆಯಾಗಿ ರೆಕಾರ್ಡ್ ಮಾಡಿ. ಸಕ್ಕರೆ ಕಾರ್ಖಾನೆಯನ್ನು ತೋರಿಸಬೇಕಾಗಿಲ್ಲ. ದೂರದ ಸೈರನ್, ಕಬ್ಬಿನ ಟ್ರ್ಯಾಕ್ಟರ್‌ನ ಸದ್ದು ಇದ್ದರೆ ಆಯಿತು.

8. ವಾಯ್ಸ್ ಓವರ್

ಚಿತ್ರದ ಮೇಲೆ ಕೇಳಿಬರುವ ಮಾತು. ಹತ್ತು ನಿಮಿಷದ ಚಿತ್ರಕ್ಕೆ ಒಟ್ಟು 150 ಪದ ಮೀರಬೇಡಿ, ನಿಧಾನವಾಗಿ ಓದಿದರೆ ಅದೇ ಎರಡು ನಿಮಿಷ ಆಗುತ್ತದೆ. "ನಿನ್ನ ಪ್ರೀತಿಯೇ ನನ್ನ ದೇವರು, ಅನಂತದ ಕಡೆಗೆ ನನ್ನ ಪಯಣ" ಎಂದು ಬರೆದರೆ ಎಲ್ಲ ಹೇಳಿಬಿಟ್ಟಿರಿ, ಚಿತ್ರಕ್ಕೆ ಕೆಲಸವೇ ಉಳಿಯಲಿಲ್ಲ. "ನೆಲ ಇನ್ನೂ ಆರಿಲ್ಲ. ನೋಡ್ಕಂಡ್ ಬಾ" ಎಂದು ಬರೆಯಿರಿ. ಗಂಡನಿಗೂ ಹೇಳಬಹುದು, ಬಾಗಿಲಿಗೆ ಬರುವ ಲಕ್ಷ್ಮಿಗೂ ಹೇಳಬಹುದು. "ಅವನು", "ಅವಳು" ಬಂದರೆ ಯಾರೆಂದು ತೀರ್ಮಾನವಾಗಿಬಿಡುತ್ತದೆ. "ಬನ್ನಿ" ಎಂದರೂ ಗಂಡನೇ ಎಂದಾಗುತ್ತದೆ, ದೇವರನ್ನು ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಏಕವಚನದಲ್ಲೇ ಇರಲಿ. ಕಾಣುತ್ತಿರುವುದನ್ನೇ ಹೇಳುವ ಸಾಲು ಬಂದರೆ ತೆಗೆಯಿರಿ. "ಆರಿಲ್ಲ" ಎಂಬ ಮಾತು ಒಣಗಿದ ಅಂಗಳದ ಮೇಲೆ ಬರಲಿ.

ಓದುವಾಗ ಸುತ್ತ ರಜಾಯಿ, ಹಾಸಿಗೆ ನಿಲ್ಲಿಸಿ ಪ್ರತಿಧ್ವನಿ ತಡೆಯಿರಿ. ಬಾಯಿಗೂ ಮೈಕಿಗೂ ಒಂದು ಗೇಣು, ಮೈಕ್ ಸ್ವಲ್ಪ ಪಕ್ಕಕ್ಕೆ. ರೆಕಾರ್ಡರ್‌ನ ಮೀಟರಿನಲ್ಲಿ ಧ್ವನಿಯ ಮಟ್ಟ ಮೈನಸ್ 12 ಡೆಸಿಬಲ್ ದಾಟದಿರಲಿ. ರಂಗದ ಮೇಲೆ ಹೇಳುವ ಹಾಗೆ ಹೇಳಬೇಡಿ. ಮಂಡ್ಯದವರ ಪಾತ್ರಕ್ಕೆ ಮಂಡ್ಯದ ಮಾತೇ ಇರಲಿ.

ಭಾವಗೀತೆ ಬಳಸುವ ಮುನ್ನ ಒಂದು ಎಚ್ಚರಿಕೆ. ನಮ್ಮಲ್ಲಿ ಕವಿಯ ಮರಣದ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮಂಡ್ಯ ಜಿಲ್ಲೆಯ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿ ತೀರಿಕೊಂಡದ್ದು 2003ರಲ್ಲಿ, ಹಾಗಾಗಿ ಅವರ ಕವಿತೆಗೆ 2063ರ ಕೊನೆಯವರೆಗೆ ಒಪ್ಪಿಗೆ ಬೇಕು. ಹನ್ನೆರಡನೇ ಶತಮಾನದ ವಚನದ ಪಠ್ಯಕ್ಕೆ ಆ ತೊಡಕಿಲ್ಲ, ಆದರೆ ಈಗಿನ ಗಾಯಕರ ರೆಕಾರ್ಡಿಂಗ್‌ಗೆ ಇದೆ. ನಿಮ್ಮವರ ಕೈಲೇ ಹಾಡಿಸಿ, ಸಾಧ್ಯವಾದರೆ ವಾದ್ಯವಿಲ್ಲದೆ.

9. ಜೋಡಣೆ

ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ತೆರೆಯುವ ಮೊದಲು ಒಂದೊಂದು ಶಾಟಿನ ಹೆಸರನ್ನೂ ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಹರಡಿ. ಜಾಗದ ಪ್ರಕಾರ, ದಿನದ ಪ್ರಕಾರ ಗುಂಪು ಮಾಡಬೇಡಿ. ಚಲನೆಯ ಪ್ರಕಾರ ಮಾಡಿ: ಎತ್ತುವುದು, ಸುರಿಯುವುದು, ಬಾಗುವುದು, ಕಾಯುವುದು. ಅವಳು ಬಾಗಿ ಎಳೆ ಎಳೆಯುವುದರ ಪಕ್ಕ ಅವನು ಬಾಗಿ ಚಪ್ಪಲಿ ಬಿಡುವುದು ಬಂದಾಗ ಎರಡು ಶಾಟ್ ಮಾತಾಡಲು ಶುರುಮಾಡುತ್ತವೆ.

ಮೊದಲ ಜೋಡಣೆಗೆ ಸಂಗೀತ ಹಾಕಬೇಡಿ. ಸಂಗೀತ ಬಿದ್ದ ಕೂಡಲೇ ಕಟ್‌ಗಳೆಲ್ಲ ತಾಳಕ್ಕೆ ಕುಣಿಯುತ್ತವೆ, ಚಿತ್ರ ಆಲ್ಬಂ ಸಾಂಗ್ ಆಗುತ್ತದೆ. ಸದ್ದಿಲ್ಲದೆ ಒಮ್ಮೆ, ಚಿತ್ರವಿಲ್ಲದೆ ಬರೀ ಸದ್ದು ಒಮ್ಮೆ ಪೂರ್ತಿ ನೋಡಿ, ಕೇಳಿ. ಎರಡರಲ್ಲೂ ಬೇಸರ ಬರುವ ಜಾಗವನ್ನು ಕತ್ತರಿಸಿ. ಒಟ್ಟು ಅರವತ್ತರಿಂದ ಎಪ್ಪತ್ತು ಶಾಟ್‌ಗಳು ಉಳಿಯಬೇಕು. ಆಮೇಲೂ ಸಂಗೀತ ಬೇಕೆನ್ನಿಸಿದರೆ ಒಂದೇ ಕಡೆ, ಒಂದು ನಿಮಿಷ ಮೀರದಂತೆ ಹಾಕಿ. ಮೂರನೇ ಮರಳುವಿಕೆಯ ಮೇಲೆ ಮಾತ್ರ ಬೇಡ, ಅಲ್ಲಿ ಚಿಲಕದ ಸದ್ದು ಕೇಳಬೇಕು.

ಬಣ್ಣ ತಿದ್ದುವಾಗ ರೆಡಿಮೇಡ್ ನೀಲಿ–ಕಿತ್ತಳೆ ಛಾಯೆ ಹಾಕಿದರೆ ರಂಗೋಲಿಯ ಬಿಳಿ ಕೆಡುತ್ತದೆ. ಪುಡಿ ಬಿಳಿಯಾಗಿ ಕಾಣುವಷ್ಟು ಸರಿಮಾಡಿ, ಅಲ್ಲಿಗೆ ಬಿಡಿ.

10. ತೋರಿಸಿ ನೋಡಿ

ಐದು ಜನ ಸಾಕು. ಅವರಲ್ಲಿ ಇಬ್ಬರಾದರೂ ಸಿನಿಮಾ ಮಂದಿ ಅಲ್ಲದವರಾಗಿರಲಿ. ಸೂರ್ಯ ಮುಳುಗಿ ಅರ್ಧ ಗಂಟೆ ಕಳೆದ ಮೇಲೆ, ದೀಪ ಆರಿಸಿ, ಫೋನುಗಳನ್ನು ಹೊರಗಿಟ್ಟು ತೋರಿಸಿ. ಮುಂಚೆ ಏನನ್ನೂ ವಿವರಿಸಬೇಡಿ. ಮುಗಿದ ಮೇಲೆ "ಅರ್ಥ ಆಯ್ತಾ" ಎಂದು ಕೇಳಿದರೆ ಎಲ್ಲರೂ ಸಂಕೋಚಕ್ಕೆ ಹೌದು ಅನ್ನುತ್ತಾರೆ. ಕೇಳಬೇಕಾದದ್ದು ಎರಡೇ: ಯಾವುದು ಮತ್ತೆ ಬಂತು? ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು? ಐವರಲ್ಲಿ ಮೂವರು ಹೊಸ್ತಿಲನ್ನು ಹೇಳದಿದ್ದರೆ ಮೊದಲ ಸಲದ ಶಾಟ್ ಚಿಕ್ಕದಾಗಿದೆ ಎಂದರ್ಥ. ಅದನ್ನು ನಾಲ್ಕೈದು ಸೆಕೆಂಡ್ ಹಿಗ್ಗಿಸಿ, ಕೊನೆಯದನ್ನು ಮುಟ್ಟಬೇಡಿ. ಮನಸ್ಸು ಜಾರಿದ ಜಾಗ ಮೂವರಿಗೂ ಒಂದೇ ಆಗಿದ್ದರೆ ಅಲ್ಲಿರುವುದು ಬಹುಪಾಲು ನಿಮಗೆ ತುಂಬಾ ಇಷ್ಟವಾದ ಒಂದು ಚಂದದ ಶಾಟ್. ತೆಗೆದು ಬೇರೆ ಫೋಲ್ಡರಿನಲ್ಲಿಟ್ಟು, ಮಾರನೇ ವಾರ ಬೇರೆ ಐವರಿಗೆ ತೋರಿಸಿ.